ಹಸಿರು ಚುಕ್ಕೆ ನೋಡಿ ಮೋಸ ಹೋಗಬೇಡಿ: ಹಾಲಿಲ್ಲದ ಪ್ಯಾಕೆಟ್ ತಿಂಡಿ ಹುಡುಕೋದು ಹೇಗೆ?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರಿ ಅಂದ್ಕೋತೀನಿ. ಬ್ಯಾಗಲ್ಲಿ ಬಿಸ್ಕತ್ತೋ ಚಿಪ್ಸೋ ಇದ್ರೆ ಒಂದ್ನಿಮಿಷ ಹೊರಗೆ ತೆಗೆದು ತಿರುಗಿಸಿ. ಹಿಂದೆ ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿದೆಯಲ್ಲ, ಇವತ್ತಿನ ಮಾತು ಪೂರ್ತಿ ಅದರ ಬಗ್ಗೆ.

ಈ ವಿಷಯ ಯಾಕೆ ತಗೊಂಡೆ ಅಂತ ಮೊದಲು ಹೇಳಿಬಿಡ್ತೀನಿ. ನನ್ನ ಅಕ್ಕನ ಮಗನಿಗೆ ಐದು ವರ್ಷ. ಮನೇಲಿ ಎಲ್ರೂ ಪುಟ್ಟ ಅಂತ ಕರೀತೀವಿ. ಅವನಿಗೆ ಹಾಲಿನ ಅಲರ್ಜಿ. ಮೊದಲ ಸಲ ಮೊಸರನ್ನ ತಿನ್ನಿಸಿದ ದಿನವೇ ಮೈಯೆಲ್ಲ ದದ್ದು ಎದ್ದಿತ್ತು. ಆಮೇಲೆ ಟೆಸ್ಟ್ ಆಯ್ತು, ಡಾಕ್ಟರ್ ಖಚಿತ ಮಾಡಿದ್ರು. ಅವತ್ತಿಂದ ಅವನಿಗೆ ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲ ಬಂದ್.

ಹೋದ ವರ್ಷ ಬೇಸಿಗೆ ರಜೆಗೆ ಅವರು ನಮ್ಮನೆಗೆ ಬಂದಿದ್ರು. ಅವನು ಒಂದು ವರ್ಷದಿಂದ ತಿಂತಾ ಇದ್ದ ಒಂದು ಬಿಸ್ಕತ್ತಿದೆ, ಅದರಲ್ಲಿ ಹಾಲಿರಲಿಲ್ಲ. "ಮಾಮ, ನಂಗೆ ಆ ಬಿಸ್ಕತ್ ತಗೊಂಡ್ಬಾ" ಅಂದ. ನಾನು ಅಂಗಡಿಗೆ ಹೋಗಿ ತಂದೆ. ಕವರ್ ಸ್ವಲ್ಪ ಬದಲಾಗಿತ್ತು, ಮೇಲೆ 'ಹೊಸ ರುಚಿ' ಅಂತ ಇತ್ತು. ಹೆಸರು ಅದೇ, ಕಂಪನಿ ಅದೇ. ಕೊಟ್ಟೆ. ಎರಡು ಬಿಸ್ಕತ್ತು ತಿಂದ. ಹತ್ತು ನಿಮಿಷದಲ್ಲಿ ತುಟಿ ಊದ್ಕೊಳ್ತು, ಕೆಮ್ಮು ಶುರುವಾಯ್ತು, ವಾಂತಿ ಆಯ್ತು. ಆಸ್ಪತ್ರೆಗೆ ಓಡಿದ್ವಿ. ಇಂಜೆಕ್ಷನ್ ಕೊಟ್ರು, ರಾತ್ರಿಯೆಲ್ಲ ಅಲ್ಲೇ ಇಟ್ಕೊಂಡ್ರು. ಬೆಳಗ್ಗೆ ಹುಷಾರಾಗಿ ದೋಸೆ ಕೇಳಿದ, ಅದು ಬೇರೆ ಮಾತು.

ಆದರೆ ಆ ರಾತ್ರಿ ಎರಡು ಗಂಟೆಗೆ ಅಕ್ಕ ತನ್ನ ಬ್ಯಾಗಿನಿಂದ ಆ ಪ್ಯಾಕೆಟ್ ತೆಗೆದು, ಹಿಂದೆ ಓದಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟಳು. ಅದರಲ್ಲಿ 'ಮಿಲ್ಕ್ ಸಾಲಿಡ್ಸ್' ಅಂತ ಇತ್ತು. ಕೆಳಗೆ ದಪ್ಪ ಅಕ್ಷರದಲ್ಲಿ 'ಕಂಟೇನ್ಸ್ ವೀಟ್, ಮಿಲ್ಕ್' ಅಂತಲೂ ಇತ್ತು. ಕಂಪನಿಯವರು ಬರೆದಿದ್ರು, ನಾನು ಓದಿರಲಿಲ್ಲ. ಕಾಮರ್ಸ್ ಓದುವಾಗ ಬ್ಯಾಲೆನ್ಸ್ ಶೀಟ್ ಕೆಳಗಿನ ಸಣ್ಣ ಟಿಪ್ಪಣಿಗಳನ್ನೂ ಬಿಡಬೇಡಿ, ಅಸಲಿ ವಿಷಯ ಅಲ್ಲೇ ಇರುತ್ತೆ ಅಂತ ಮೇಷ್ಟ್ರು ಹೇಳ್ತಿದ್ರು. ಮೂವತ್ತು ರೂಪಾಯಿ ಬಿಸ್ಕತ್ತಿಗೂ ಅದೇ ಮಾತು ಅನ್ವಯಿಸುತ್ತೆ ಅಂತ ನನಗೆ ಅವತ್ತು ಗೊತ್ತಾಯ್ತು.

ಆಮೇಲಿಂದ ಹೊಸ ಹೊಸ ಹಾಲಿಲ್ಲದ ತಿಂಡಿ ಹುಡುಕೋದು ನನ್ನ ಕೆಲಸ ಆಗಿದೆ. ಕಲಿತಿದ್ದನ್ನ ಇವತ್ತು ಹೇಳ್ತೀನಿ.

ಎರಡು ತೊಂದರೆ, ಒಂದೇ ಹೆಸರು

"ನನಗೆ ಹಾಲು ಆಗಲ್ಲ" ಅಂತ ನಾವು ಸುಮ್ಮನೆ ಹೇಳ್ತೀವಿ. ಅದರಲ್ಲಿ ಎರಡು ಬೇರೆ ಬೇರೆ ತೊಂದರೆ ಅಡಗಿವೆ.

ಒಂದು, ಲ್ಯಾಕ್ಟೋಸ್ ತೊಂದರೆ. ಲ್ಯಾಕ್ಟೋಸ್ ಅಂದ್ರೆ ಹಾಲಿನಲ್ಲಿರೋ ಸಕ್ಕರೆ. ಅದನ್ನ ಜೀರ್ಣ ಮಾಡೋಕೆ ಸಣ್ಣ ಕರುಳಲ್ಲಿ ಲ್ಯಾಕ್ಟೇಸ್ ಅನ್ನೋ ಕಿಣ್ವ ಬೇಕು. ಚಿಕ್ಕವರಿದ್ದಾಗ ಚೆನ್ನಾಗಿರೋ ಈ ಕಿಣ್ವ ದೊಡ್ಡವರಾಗ್ತಾ ಬಹಳಷ್ಟು ಜನರಲ್ಲಿ ಕಮ್ಮಿ ಆಗುತ್ತೆ. ಉತ್ತರ ಭಾರತಕ್ಕಿಂತ ದಕ್ಷಿಣ ಭಾರತದವರಲ್ಲಿ ಇದು ಜಾಸ್ತಿ. ಹಾಲು ಕುಡಿದ್ರೆ ಹೊಟ್ಟೆ ಉಬ್ಬರ, ಗ್ಯಾಸ್, ಭೇದಿ. ಕಷ್ಟ ನಿಜ, ಜೀವಕ್ಕೆ ಅಪಾಯ ಇಲ್ಲ. ಎಷ್ಟೋ ಜನಕ್ಕೆ ಮೊಸರು, ಮಜ್ಜಿಗೆ ಸ್ವಲ್ಪ ಮಟ್ಟಿಗೆ ಒಗ್ಗುತ್ತೆ.

ಇನ್ನೊಂದು, ಹಾಲಿನ ಅಲರ್ಜಿ. ಇಲ್ಲಿ ಸಕ್ಕರೆಯ ಪಾತ್ರವೇ ಇಲ್ಲ. ಹಾಲಿನ ಪ್ರೋಟೀನ್, ಅಂದ್ರೆ ಕೇಸಿನ್ ಮತ್ತು ವೇ, ಇವನ್ನ ದೇಹ ಶತ್ರು ಅಂತ ತಿಳ್ಕೊಂಡು ಯುದ್ಧಕ್ಕೆ ನಿಲ್ಲುತ್ತೆ. ಚಿಟಿಕೆಯಷ್ಟು ಸಾಕು. ದದ್ದು, ಊತ, ವಾಂತಿ, ಕೆಲವರಿಗೆ ಉಸಿರಾಟವೇ ಕಷ್ಟ ಆಗುತ್ತೆ. ಉಸಿರು ಕಟ್ಟುವ ಹಾಗಾದ್ರೆ ಮನೆಮದ್ದು ಮಾಡ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಈ ವ್ಯತ್ಯಾಸ ಗೊತ್ತಿಲ್ಲದೆ ಹೋದ್ರೆ ಏನಾಗುತ್ತೆ ಅಂದ್ರೆ, ಅಲರ್ಜಿ ಇರೋ ಮಗುವಿಗೆ 'ಲ್ಯಾಕ್ಟೋಸ್ ಫ್ರೀ' ಹಾಲು ತಂದು ಕೊಡ್ತಾರೆ. ಅದರಲ್ಲಿ ಸಕ್ಕರೆಯನ್ನ ಒಡೆದಿರ್ತಾರೆ ಅಷ್ಟೇ, ಪ್ರೋಟೀನ್ ಪೂರ್ತಿ ಇರುತ್ತೆ. 'ಎ2 ಹಾಲು, ನಾಟಿ ಹಸುದು, ಏನೂ ಆಗಲ್ಲ' ಅಂತಾರೆ. ಅದರಲ್ಲೂ ಕೇಸಿನ್ ಇದೆ. 'ಮೇಕೆ ಹಾಲು ಕೊಡಿ' ಅನ್ನೋದು ಊರ ಕಡೆ ದೊಡ್ಡವರು ಹೇಳೋ ಮಾತು. ನಮ್ಮಜ್ಜಿನೂ ಹೇಳಿದ್ರು. ಮೇಕೆ, ಎಮ್ಮೆ ಹಾಲಿನ ಪ್ರೋಟೀನ್ ಹಸುವಿನ ಹಾಲಿನದಕ್ಕೆ ಬಹಳ ಹತ್ತಿರ ಇರೋದ್ರಿಂದ ಹಸುವಿನ ಹಾಲು ಆಗದ ಹೆಚ್ಚಿನವರಿಗೆ ಅದೂ ಆಗಲ್ಲ. ತುಪ್ಪದಲ್ಲೂ ಸ್ವಲ್ಪ ಪ್ರೋಟೀನ್ ಉಳಿದಿರಬಹುದು.

ಇನ್ನೊಂದು ಮಾತು. ಯಾವುದೋ ಲ್ಯಾಬಲ್ಲಿ ಪ್ಯಾಕೇಜ್ ಟೆಸ್ಟ್ ಮಾಡಿಸಿ, ಇಪ್ಪತ್ತು ಐಟಂ ಪಾಸಿಟಿವ್ ಬಂತು ಅಂತ ಎಲ್ಲ ಬಿಟ್ಟು ಕೂರಬೇಡಿ. ಕರ್ನಾಟಕದ ವಯಸ್ಕರ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿತ್ತು, ಯೂರೋಪ್ರಿವಾಲ್ ಅಂತ. ಅದು 2016ರಲ್ಲಿ ಪ್ರಕಟ ಆಯ್ತು. ಅದರ ಪ್ರಕಾರ ಯಾವುದಾದ್ರೂ ಒಂದು ಆಹಾರಕ್ಕೆ ರಕ್ತಪರೀಕ್ಷೆಯಲ್ಲಿ ಪಾಸಿಟಿವ್ ಬಂದವರು ಸುಮಾರು ಶೇ 26. ಅಲರ್ಜಿ ಇರಬಹುದು ಅಂತ ಕಂಡಿದ್ದು ಶೇ 1.2 ಜನಕ್ಕೆ ಮಾತ್ರ. ಅದರಲ್ಲಿ ಮುಂದಿದ್ದಿದ್ದು ಹಸುವಿನ ಹಾಲು ಮತ್ತು ಸೇಬು. ಹಾಗಾಗಿ ರಿಪೋರ್ಟ್ ಜೊತೆಗೆ, ತಿಂದಾಗ ನಿಜವಾಗ್ಲೂ ಏನಾಯ್ತು ಅನ್ನೋದನ್ನೂ ಕೇಳೋ ಡಾಕ್ಟರ್ ಬೇಕು.

ಮುಂದಿನ ಮುಖದ ಮಾತು ನಂಬಬೇಡಿ

ಈಗ ಅಂಗಡಿಗೆ ಹೋಗೋಣ. ಪ್ಯಾಕೆಟ್ ಮುಂದೆ ಕಾಣೋ ಗುರುತುಗಳನ್ನ ಒಂದೊಂದಾಗಿ ನೋಡೋಣ.

ಹಸಿರು ಚುಕ್ಕೆ. ಅದು ಸಸ್ಯಾಹಾರ ಅನ್ನೋ ಗುರುತು ಅಷ್ಟೇ. ನಮ್ಮ ದೇಶದ ನಿಯಮದಲ್ಲಿ ಹಾಲು ಸಸ್ಯಾಹಾರ. ಹಾಗಾಗಿ ಪನೀರ್ ಮೇಲೂ ಹಸಿರು ಚುಕ್ಕೆ ಇರುತ್ತೆ.

'ಎಗ್‌ಲೆಸ್'. ಮೊಟ್ಟೆ ಇಲ್ಲ, ಸರಿ. ಮೊಟ್ಟೆ ಬಿಟ್ಟ ಕಡೆ ಎಷ್ಟೋ ಸಲ ಹಾಲಿನ ಪುಡಿ, ಮೊಸರು, ಕಂಡೆನ್ಸ್ಡ್ ಮಿಲ್ಕ್ ಸೇರಿರುತ್ತೆ.

'ನಾನ್ ಡೈರಿ' ಕ್ರೀಮರ್. ಕಾಫಿಗೆ ಹಾಕ್ಕೊಳ್ಳೋ ಪುಡಿ. ಹೆಸರಲ್ಲೇ ಡೈರಿ ಇಲ್ಲ ಅಂತಿದೆ. ಎಷ್ಟೋ ಕ್ರೀಮರ್‌ಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತೆ. ಅದು ಹಾಲಿನ ಪ್ರೋಟೀನೇ. ತೆಂಗಿನಕಾಯಿ ಹಾಲಿನ ಪುಡಿಯಲ್ಲೂ ಇದೇ ಕಥೆ. ಕಾಯಿಹಾಲು ಅಂದ್ರೆ ತೆಂಗಿನಕಾಯಿಯಿಂದ ಬರೋದು, ಇದರಲ್ಲೇನು ಹಾಲಿರುತ್ತೆ ಅಂತ ನಾನು ಪುಡಿ ಪ್ಯಾಕೆಟ್ ತಗೊಳ್ಳೋದ್ರಲ್ಲಿದ್ದೆ. ತಿರುಗಿಸಿ ನೋಡಿದ್ರೆ ಕೇಸಿನೇಟ್!

ವೀಗನ್ ಗುರುತು. ಹಸಿರು ಬಣ್ಣದ 'ವಿ' ಅಕ್ಷರ, ಅದರ ಮೇಲೊಂದು ಪುಟ್ಟ ಗಿಡ. ಎಫ್‌ಎಸ್‌ಎಸ್‌ಎಐ ಅಂದ್ರೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ, 2022ರಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮ ಮಾಡ್ತು. ಹಾಲಿಲ್ಲದ್ದನ್ನ ಹುಡುಕೋರಿಗೆ ಇದು ನಿಜಕ್ಕೂ ಒಳ್ಳೇ ಶುರುವಾತು. ಆದರೆ ಅದು ಪ್ರಾಣಿಮೂಲದ ಪದಾರ್ಥ ಬಳಸಿಲ್ಲ ಅನ್ನೋ ಮಾತು, ಅಲರ್ಜಿಯವರಿಗೆ ಕೊಟ್ಟ ಭರವಸೆ ಅಂತ ತಿಳೀಬೇಡಿ. ವೀಗನ್ ಚಾಕೊಲೇಟ್ ಹಿಂದೆ 'ಮೇ ಕಂಟೇನ್ ಮಿಲ್ಕ್' ಅಂತ ಇರೋದನ್ನ ನಾನೇ ನೋಡಿದೀನಿ. ಹಾಲಿನ ಚಾಕೊಲೇಟ್ ಮಾಡೋ ಮೆಷಿನ್‌ನಲ್ಲೇ ಇದನ್ನೂ ಮಾಡಿದ್ರೆ ಒಂಚೂರು ಸೇರ್ಕೊಳ್ಳಬಹುದು. ಲ್ಯಾಕ್ಟೋಸ್ ತೊಂದರೆ ಇರೋರಿಗೆ ಅಷ್ಟು ಸೇರಿದ್ರೆ ಸಾಮಾನ್ಯವಾಗಿ ಏನೂ ಆಗಲ್ಲ. ನಮ್ಮ ಪುಟ್ಟನಿಗೆ ಆಗುತ್ತೆ.

ಹಿಂಬದಿಯಲ್ಲಿ ಮೂರು ಜಾಗ

ಹಾಗಾದ್ರೆ ಹಿಂದೆ ಎಲ್ಲಿ ನೋಡ್ಬೇಕು? ಮೂರು ಜಾಗ.

ಒಂದನೇದು, ಪದಾರ್ಥಗಳ ಪಟ್ಟಿ. ಜಾಸ್ತಿ ತೂಕದ್ದು ಮೊದಲು, ಕಮ್ಮಿ ತೂಕದ್ದು ಕೊನೆಗೆ, ಹೀಗೆ ಇಳಿಕೆ ಕ್ರಮದಲ್ಲಿ ಬರೀಬೇಕು ಅಂತ ನಿಯಮ. ಹಾಲು ಇಲ್ಲಿ ಹಲವು ವೇಷದಲ್ಲಿ ಬರುತ್ತೆ. ಮಿಲ್ಕ್ ಸಾಲಿಡ್ಸ್, ಸ್ಕಿಮ್ಡ್ ಮಿಲ್ಕ್ ಪೌಡರ್, ವೇ ಪೌಡರ್, ಕೇಸಿನ್, ಕೇಸಿನೇಟ್, ಬಟರ್, ಘೀ, ಚೀಸ್ ಪೌಡರ್, ಕರ್ಡ್ ಪೌಡರ್, ಖೋವಾ. ಖಾರದ ಚಿಪ್ಸ್‌ನ ಮಸಾಲೆಯಲ್ಲೂ ವೇ ಅಥವಾ ಚೀಸ್ ಪುಡಿ ಇರಬಹುದು. ಅದೇ ಥರ ಸುಮ್ಮನೆ ಹೆದರಿಸೋ ಹೆಸರುಗಳೂ ಇವೆ. ಕೋಕೋ ಬಟರ್ ಅಂದ್ರೆ ಕೋಕೋ ಬೀಜದ ಕೊಬ್ಬು, ಬೆಣ್ಣೆ ಅಲ್ಲ. ಪೀನಟ್ ಬಟರ್ ಕಡಲೆಕಾಯಿದು. ಲ್ಯಾಕ್ಟಿಕ್ ಆಸಿಡ್ ಅನ್ನ ಸಾಮಾನ್ಯವಾಗಿ ಸಕ್ಕರೆ, ಪಿಷ್ಟದಿಂದ ಹುದುಗಿಸಿ ಮಾಡ್ತಾರೆ.

ಎರಡನೇದು, 'ಕಂಟೇನ್ಸ್' ಅನ್ನೋ ಸಾಲು. 2020ರ ಲೇಬಲ್ ನಿಯಮದ ಪ್ರಕಾರ ಎಂಟು ಗುಂಪಿನ ಅಲರ್ಜಿ ಪದಾರ್ಥಗಳಿದ್ರೆ ಇಲ್ಲಿ ಹೇಳಲೇಬೇಕು. ಗೋಧಿ, ಬಾರ್ಲಿ, ಓಟ್ಸ್ ಥರದ ಗ್ಲುಟೆನ್ ಧಾನ್ಯ, ಸಿಗಡಿ, ಏಡಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಬಾದಾಮಿ, ಗೋಡಂಬಿ ಥರದ ಬೀಜಗಳು, ಸೋಯಾ, ಒಂದು ಕೆಜಿಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸಲ್ಫೈಟ್. ಟೈಮಿಲ್ಲ ಅಂದ್ರೆ ಮೊದಲು ಈ ಸಾಲು ಓದಿ.

ಮೂರನೇದು, 'ಮೇ ಕಂಟೇನ್'. ಬೆರಕೆ ಆಗಿರಬಹುದು ಅನ್ನೋ ಎಚ್ಚರಿಕೆ. ಇದನ್ನ ಬೇಕಾದ್ರೆ ಪ್ರತ್ಯೇಕವಾಗಿ ಹಾಕಬಹುದು ಅಂತ ನಿಯಮ ಹೇಳುತ್ತೆ. ಅಂದ್ರೆ ಈ ಸಾಲು ಇಲ್ಲ ಅಂದ ತಕ್ಷಣ ಬೆರಕೆ ಆಗೋ ಸಾಧ್ಯತೆಯೇ ಇಲ್ಲ ಅಂತ ಲೆಕ್ಕ ಹಾಕೋ ಹಾಗಿಲ್ಲ.

ಇಲ್ಲಿ ಎರಡು ತೂತುಗಳಿವೆ, ಗಮನ ಇಟ್ಟು ಕೇಳಿ. ಪ್ಯಾಕೆಟ್ ಬಹಳ ಚಿಕ್ಕದು, ಅಂದ್ರೆ ಅದರ ಮೇಲ್ಮೈ 100 ಚದರ ಸೆಂಟಿಮೀಟರ್ ದಾಟದೆ ಇದ್ರೆ, ಪದಾರ್ಥಗಳ ಪಟ್ಟಿ ಹಾಕೋದ್ರಿಂದ ವಿನಾಯಿತಿ ಇದೆ. ವಿವರ ದೊಡ್ಡ ಹೋಲ್‌ಸೇಲ್ ಪ್ಯಾಕ್ ಮೇಲಿರುತ್ತೆ. ಬಿಡಿ ಚಾಕೊಲೇಟ್, ಪುಟಾಣಿ ಟಾಫಿ ಕೊಡುವಾಗ ಇದು ನೆನಪಿರಲಿ.

ಇನ್ನೊಂದು, ನಮ್ಮ ಎಂಟರ ಪಟ್ಟಿಯಲ್ಲಿ ಎಳ್ಳು ಇಲ್ಲ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನ ಒಂಬತ್ತನೇ ಅಲರ್ಜಿ ಪದಾರ್ಥ ಅಂತ ಹೇಳಲೇಬೇಕು. ಯುರೋಪಿನ ಪಟ್ಟಿಯಲ್ಲಿ 14 ಇವೆ, ಎಳ್ಳು, ಸಾಸಿವೆ ಎರಡೂ ಸೇರಿ. ಸಂಕ್ರಾಂತಿಗೆ ಎಳ್ಳು ಬೀರೋ ನಾಡು ನಮ್ಮದು, ಸಾಸಿವೆ ಇಲ್ಲದೆ ಒಗ್ಗರಣೆಯೇ ಇಲ್ಲ. ಇಲ್ಲಿ ಎಳ್ಳಿನ ಅಲರ್ಜಿ ಇರೋರು 'ಕಂಟೇನ್ಸ್' ಸಾಲು ನಂಬ್ಕೊಂಡು ಕೂರೋ ಹಾಗಿಲ್ಲ, ಪೂರ್ತಿ ಪಟ್ಟಿ ಓದ್ಬೇಕು.

ಹೊಸ 'ಹಾಲು'ಗಳ ಲೆಕ್ಕ

ಈಗ ಸೂಪರ್ ಮಾರ್ಕೆಟ್‌ನಲ್ಲಿ, ಹತ್ತು ನಿಮಿಷದ ಡೆಲಿವರಿ ಆ್ಯಪ್‌ಗಳಲ್ಲಿ ಸೋಯಾ, ಬಾದಾಮಿ, ಓಟ್ಸ್, ತೆಂಗಿನಕಾಯಿದು ಅಂತ ಸಾಲು ಸಾಲು ಡಬ್ಬಗಳಿವೆ. ಅವುಗಳ ಮೇಲೆ 'ಮಿಲ್ಕ್' ಬದಲು 'ಡ್ರಿಂಕ್' ಅಥವಾ 'ಬೆವರೇಜ್' ಅಂತ ಇರೋದು ಗಮನಿಸಿದೀರಾ? ಹಾಲು ಅನ್ನೋ ಪದ ಪ್ರಾಣಿಯಿಂದ ಬಂದಿದ್ದಕ್ಕೆ ಮಾತ್ರ ಅಂತ ಎಫ್‌ಎಸ್‌ಎಸ್‌ಎಐ ನಿಲುವು. ಸಸ್ಯದ ಪಾನೀಯಗಳಿಗೆ ಹಾಲಿನ ಹೆಸರು ಹಾಕಿದ್ರೆ ತೆಗೀರಿ ಅಂತ 2021ರಲ್ಲಿ ಆನ್‌ಲೈನ್ ಕಂಪನಿಗಳಿಗೂ ಹೇಳ್ತು. ಕೋಕೋನಟ್ ಮಿಲ್ಕ್ ಥರ ಮೊದಲಿಂದ ಬಳಕೆಯಲ್ಲಿರೋ ಹೆಸರಿಗೆ ವಿನಾಯಿತಿ ಇದೆ. ಹಾಗಾಗಿ ಆ್ಯಪ್‌ನಲ್ಲಿ ಹುಡುಕುವಾಗ 'ಓಟ್ ಡ್ರಿಂಕ್' ಅಂತಲೂ ಹಾಕಿ ನೋಡಿ.

ಬೆಲೆ ವಿಷಯ. 2025ರ ಸೆಪ್ಟೆಂಬರ್ 22ರಿಂದ ಸೋಯಾ ಪಾನೀಯದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳೀತು. ಬಾದಾಮಿ, ಓಟ್ಸ್ ಥರದ ಬೇರೆ ಸಸ್ಯ ಪಾನೀಯಗಳದ್ದು 18ರಿಂದ 5ಕ್ಕೆ ಬಂತು. ಮಾಮೂಲಿ ಹಾಲಿಗೆ ತೆರಿಗೆಯೇ ಇಲ್ಲ. ಇಷ್ಟಾದರೂ ಈ ಡಬ್ಬಗಳು ಹಾಲಿಗಿಂತ ದುಬಾರಿನೇ. ಅದಕ್ಕೆ ದುಡ್ಡು ಕೊಡೋ ಮೊದಲು ಏನು ಸಿಗುತ್ತೆ ಅಂತ ನೋಡಿ. ಹಸುವಿನ ಹಾಲಲ್ಲಿ 100 ಎಂಎಲ್‌ಗೆ ಸುಮಾರು 3 ಗ್ರಾಂ ಪ್ರೋಟೀನ್ ಇರುತ್ತೆ. ಅದಕ್ಕೆ ಹತ್ತಿರ ಬರೋದು ಸೋಯಾ. ಬಾದಾಮಿ ಪಾನೀಯದಲ್ಲಿ ಎಷ್ಟೋ ಸಲ 1 ಗ್ರಾಂ ಕೂಡ ಇರಲ್ಲ, ನೀರೇ ಜಾಸ್ತಿ. ಕ್ಯಾಲ್ಸಿಯಂ ಸೇರಿಸಿದಾರಾ, ಸಕ್ಕರೆ ಎಷ್ಟಿದೆ, ಇದನ್ನೂ ನೋಡಿ. ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲು ಅಥವಾ ಡಾಕ್ಟರ್ ಹೇಳಿದ ಫಾರ್ಮುಲಾ ಬದಲು ಇವನ್ನ ಕೊಡಲೇಬೇಡಿ.

ಮತ್ತೆ, ಹಾಲಿನ ಅಲರ್ಜಿ ತಪ್ಪಿಸೋಕೆ ಹೋಗಿ ಇನ್ನೊಂದಕ್ಕೆ ಸಿಕ್ಕಿಹಾಕ್ಕೋಬಾರದು. ಆ ಎಂಟರ ಪಟ್ಟಿ ನೆನಪಿಸ್ಕೊಳ್ಳಿ. ಸೋಯಾ ಅದರಲ್ಲಿದೆ. ಬಾದಾಮಿ, ಗೋಡಂಬಿ ಇವೆ. ಓಟ್ಸ್ ಕೂಡ ಇದೆ. ಹಾಲಿಲ್ಲದ ಚೀಸ್ ಅಂತ ಬರೋದು ಎಷ್ಟೋ ಸಲ ಗೋಡಂಬಿಯದ್ದು.

ನಮ್ಮನೇಲಿ ಈಗ ನಡೆಯೋ ಕ್ರಮ

ಆ ಘಟನೆ ಆದ್ಮೇಲೆ ಅಕ್ಕ, ನಾನು ಸೇರಿ ಒಂದು ಕ್ರಮ ಮಾಡ್ಕೊಂಡಿದೀವಿ.

ಪ್ರತಿ ಸಲ ಓದೋದು. ಹಳೇ ತಿಂಡಿ ಆದ್ರೂ ಸರಿ, ಹೋದ ವಾರ ತಗೊಂಡಿದ್ದಾದ್ರೂ ಸರಿ. ಅಂಗಡಿಯಲ್ಲಿ ಒಂದ್ಸಲ, ಮನೇಲಿ ಕವರ್ ಹರಿಯೋ ಮೊದಲು ಇನ್ನೊಂದ್ಸಲ. 'ಹೊಸ ರುಚಿ', 'ಹೊಸ ಪ್ಯಾಕ್' ಅಂತ ಕಂಡ್ರೆ ಮೂರನೇ ಸಲ.

ಆ್ಯಪ್ ಫೋಟೋ ನಂಬಲ್ಲ. ಅದು ಯಾವ ಕಾಲದ್ದೋ ಇರುತ್ತೆ. ಕೈಗೆ ಬಂದ ಪ್ಯಾಕೆಟ್ ಹೇಳಿದ್ದೇ ಕೊನೆ ಮಾತು.

ಹೊಸ ತಿಂಡಿ ಸಿಕ್ಕಿದ್ರೆ ಕಂಪನಿಗೆ ಒಂದು ಮೇಲ್. "ಇದರಲ್ಲಿ ಹಾಲಿದ್ಯಾ?" ಅಂತ ಕೇಳಿದ್ರೆ "ಇಲ್ಲ" ಅಂತ ಒಂದೇ ಪದದ ಉತ್ತರ ಬರುತ್ತೆ. "ಇದೇ ಮೆಷಿನ್‌ನಲ್ಲಿ ಹಾಲಿರೋ ಪದಾರ್ಥ ತಯಾರಾಗುತ್ತಾ? ಮಧ್ಯೆ ಹೇಗೆ ತೊಳೀತೀರಿ?" ಅಂತ ಕೇಳಿ. ಉತ್ತರ ಕೊಡದ ಕಂಪನಿಯ ತಿಂಡಿ ನಮ್ಮನೆಗೆ ಬರಲ್ಲ. ಲೇಬಲ್‌ನಲ್ಲಿ ಇಲ್ಲದ್ದು ಒಳಗಿತ್ತು ಅನ್ನಿಸಿದ್ರೆ ಕವರ್ ಬಿಸಾಡಬೇಡಿ. ಬ್ಯಾಚ್ ನಂಬರ್, 14 ಅಂಕಿಯ ಲೈಸೆನ್ಸ್ ನಂಬರ್ ಎರಡೂ ಕಾಣೋ ಹಾಗೆ ಫೋಟೋ ತೆಗೆದು 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ದೂರು ಕೊಡಬಹುದು.

ಒಂದು ದಿನಕ್ಕೆ ಒಂದೇ ಹೊಸ ತಿಂಡಿ, ಅದೂ ಹಗಲು ಹೊತ್ತು, ಅಕ್ಕ ಎದುರಿಗಿರುವಾಗ. ಎರಡು ಒಟ್ಟಿಗೆ ಕೊಟ್ರೆ ಏನಾದ್ರೂ ಆದಾಗ ಯಾವುದರಿಂದ ಅಂತ ಗೊತ್ತಾಗಲ್ಲ.

ಇಷ್ಟೆಲ್ಲ ಹುಡುಕಾಟದಲ್ಲಿ ಒಂದು ಖುಷಿಯ ವಿಷಯನೂ ಸಿಕ್ತು. ಹಾಲಿಲ್ಲದ ತಿಂಡಿ ಅಂದ್ರೆ ದುಬಾರಿ, ಫಾರಿನ್ ಅಂತ ನಾನು ಅಂದ್ಕೊಂಡಿದ್ದೆ. ನಮ್ಮ ಬೀದಿ ಅಂಗಡಿಯಲ್ಲೇ ಕಡಲೆಕಾಯಿ ಚಿಕ್ಕಿ, ಹುರಿಹಿಟ್ಟು, ಅಕ್ಕಿ ಶ್ಯಾವಿಗೆ, ಹಪ್ಪಳ, ಅವಲಕ್ಕಿ ಚೂಡಾ ಎಲ್ಲ ಇತ್ತು. ಶ್ಯಾವಿಗೆಗೆ ಕಾಯಿಹಾಲು ಬೆಲ್ಲ ಹಾಕ್ಕೊಂಡು ತಿನ್ನೋದು ನಮ್ಮ ಕಡೆ ಹಬ್ಬದೂಟ, ಗಸಗಸೆ ಪಾಯಸವನ್ನೂ ಕಾಯಿಹಾಲಲ್ಲೇ ಮಾಡಬಹುದು. ಇವನ್ನೂ ತಿರುಗಿಸಿ ಓದಿ, ಅದನ್ನ ಬಿಡೋ ಹಾಗಿಲ್ಲ. ಚಿಕ್ಕಿಗೆ ತುಪ್ಪ, ಚಕ್ಕುಲಿ, ನಿಪ್ಪಟ್ಟಿಗೆ ಬೆಣ್ಣೆ, ರಾಗಿ ಮಾಲ್ಟ್ ಮಿಕ್ಸ್‌ಗೆ ಹಾಲಿನ ಪುಡಿ ಹಾಕಿರ್ತಾರೆ.

ಕೊನೆಗೆ ಒಂದು ಮಾತು, ಇದು ಅಲರ್ಜಿ ಇಲ್ಲದೋರಿಗೆ. ಬರ್ತ್‌ಡೇ ಪಾರ್ಟಿಯಲ್ಲೋ ರೈಲಲ್ಲೋ ಯಾರದೋ ಮಗುವಿಗೆ ಪ್ರೀತಿಯಿಂದ ಒಂದು ಚಾಕೊಲೇಟ್ ಕೊಡ್ತೀವಿ. ಅಮ್ಮ ಬೇಡ ಅಂದ್ರೆ "ಒಂದು ತಿಂದ್ರೆ ಏನಾಗುತ್ತೆ ಬಿಡಿ" ಅಂತೀವಿ. ಆ ಮಾತು ಬಿಟ್ಬಿಡೋಣ. ಒಂದು ತಿಂದ್ರೆ ಏನಾಗುತ್ತೆ ಅಂತ ನಾನು ಆಸ್ಪತ್ರೆಯ ಬೆಂಚ್ ಮೇಲೆ ಕೂತು ನೋಡಿದೀನಿ. ಮಗುವಿಗೆ ಕೊಡೋ ಮೊದಲು ದೊಡ್ಡವರನ್ನ ಕೇಳಿ, ಪ್ಯಾಕೆಟ್ ಅವರ ಕೈಗೆ ಕೊಡಿ, ಅವರೇ ಓದ್ಕೊಳ್ಲಿ.

ಹೋದ ತಿಂಗಳು ಪುಟ್ಟನ ಹುಟ್ಟುಹಬ್ಬ ಆಯ್ತು. ತೆಂಗಿನಕಾಯಿ ಹಾಲಲ್ಲಿ ಮಾಡಿದ ಐಸ್‌ಕ್ರೀಂ ಒಂದು ಸಿಕ್ಕಿತ್ತು, ಮೇಲ್ ಮಾಡಿ ಕೇಳಿ, ಮೊದಲೇ ಒಂದು ಚಮಚ ಕೊಟ್ಟು ನೋಡಿ ಆಗಿತ್ತು. ನಾನು ಡಬ್ಬ ತಂದು ಟೇಬಲ್ ಮೇಲಿಟ್ಟೆ. ಅವನಿಗಿನ್ನೂ ಓದೋಕೆ ಸರಿಯಾಗಿ ಬರಲ್ಲ. ಆದ್ರೂ ಡಬ್ಬ ತಿರುಗಿಸಿ ನನ್ನ ಕೈಗೇ ಕೊಟ್ಟು, "ಮಾಮ, ಮೊದ್ಲು ಓದು" ಅಂದ. ಓದಿದೆ, ಗಟ್ಟಿಯಾಗಿ, ಪೂರ್ತಿ.

ನಿಮಗೆ ಗೊತ್ತಿರೋ ಹಾಲಿಲ್ಲದ ತಿಂಡಿ ಯಾವುದಾದ್ರೂ ಇದ್ರೆ ನಮಗೆ ಕಳಿಸಿ, ಹೆಸರಿನ ಜೊತೆ ಹಿಂಬದಿಯ ಫೋಟೋನೂ ಇರಲಿ. ಮುಂದಿನ ಕಂತಿನಲ್ಲಿ ಸಿಗೋಣ.